ಒಂದೂವರೆ ಅಡಿ ಹಲಗೆಯ ಮೇಲೆ 1879ರ ಬರ್ಲಿನ್ ವಸ್ತುಪ್ರದರ್ಶನದ ರೈಲು

ಮಂಗಳೂರಿನ ಕರಾವಳಿ ಉತ್ಸವ ಮೈದಾನದಲ್ಲಿ ವಸ್ತುಪ್ರದರ್ಶನ ನಡೆಯುವ ದಿನಗಳಲ್ಲಿ ಮಕ್ಕಳ ಪುಟಾಣಿ ರೈಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಎಲ್ಲಿಗೂ ಹೋಗುವುದಿಲ್ಲ. ನಾಲ್ಕು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ಆದರೂ ಹತ್ತಿದವರಲ್ಲಿ ಯಾರೂ ಮೋಸ ಹೋದೆವೆಂದು ದೂರುವುದಿಲ್ಲ. ಮನೆಯಲ್ಲಿ ಮಾದರಿ ರೈಲು ಕಟ್ಟುವವರಿಗೆ ಮಾತ್ರ ಈ ಸುತ್ತುವಿಕೆಯೇ ಮುಜುಗರದ ವಿಷಯ. ಜಾಗ ಕಡಿಮೆ ಇರುವುದರಿಂದ ಹಳಿಯನ್ನು ವೃತ್ತಾಕಾರವಾಗಿ ಹಾಕದೆ ಬೇರೆ ದಾರಿಯಿರುವುದಿಲ್ಲ. ಹಾಕಿದ ಮೇಲೆ ಒಂದು ನಿಲ್ದಾಣ, ಒಂದು ಸುರಂಗ, ಒಂದು ಸೇತುವೆ ಎಂದು ಏನೆಲ್ಲ ತುರುಕಿದರೂ ರೈಲು ಗಾಣದೆತ್ತಿನಂತೆ ಸುತ್ತುತ್ತಿರುವುದು ನೋಡುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಈ ತೊಡಕಿಗೆ ನಾನು ಕಂಡುಕೊಂಡ ಪರಿಹಾರವೆಂದರೆ, ನಿಜವಾಗಿಯೂ ಸುತ್ತುವುದಕ್ಕಾಗಿಯೇ ಕಟ್ಟಿದ ರೈಲೊಂದನ್ನು ಇತಿಹಾಸದಿಂದ ಆರಿಸಿಕೊಳ್ಳುವುದು. ಅಂಥ ರೈಲುಗಳು ಹೆಚ್ಚಾಗಿ ಸಿಗುವುದು ಹಳೆಯ ವಸ್ತುಪ್ರದರ್ಶನಗಳಲ್ಲಿ. ರಿಚರ್ಡ್ ಟ್ರೆವಿಥಿಕ್ 1808ರಲ್ಲಿ ಲಂಡನ್ನಿನಲ್ಲಿ ಬೇಲಿ ಕಟ್ಟಿ, ವೃತ್ತಾಕಾರದ ಹಳಿಯ ಮೇಲೆ ಉಗಿಯಂತ್ರವನ್ನು ಓಡಿಸಿ ಹಣ ಪಡೆದು ತೋರಿಸಿದ್ದುಂಟು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಡೆಕೋವಿಲ್ ಕಂಪನಿಯ 60 ಸೆಂಟಿಮೀಟರ್ ಅಗಲದ ಹಳಿಯ ರೈಲು ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿತು. 1893ರ ಷಿಕಾಗೋ ಪ್ರದರ್ಶನವಂತೂ ಎಲ್ಲರಿಗೂ ಪ್ರಿಯವಾದದ್ದು. ಆದರೆ ಅಲ್ಲಿ ಫೆರಿಸ್ ಎಂಬ ಎಂಜಿನಿಯರ್ ನಿಲ್ಲಿಸಿದ ಜಯಂಟ್ ವೀಲ್ ಸುಮಾರು 80 ಮೀಟರ್ ಎತ್ತರವಿತ್ತು. ಅದನ್ನು ನಮ್ಮ ಅಳತೆಗೆ, ಅಂದರೆ 54ರಲ್ಲಿ ಒಂದು ಪಾಲಿಗೆ, ಇಳಿಸಿದರೂ ಒಂದೂವರೆ ಮೀಟರ್ ಆಗುತ್ತದೆ, ನಾವು ಮಾದರಿ ಕಟ್ಟುವ ಒಂದೂವರೆ ಅಡಿ ಹಲಗೆಯ ಅಗಲದ ಮೂರು ಪಟ್ಟು ಎತ್ತರ. ನನ್ನ ಆಯ್ಕೆ ನಿಂತದ್ದು 1879ರ ಬರ್ಲಿನ್ನಿನ ಮೇಲೆ.

ಆ ವರ್ಷದ ಮೇ 31ರಂದು ಬರ್ಲಿನ್ನಿನ ಕೈಗಾರಿಕಾ ಪ್ರದರ್ಶನದಲ್ಲಿ ವರ್ನರ್ ಸೀಮೆನ್ಸ್ ಅವರ ಸೀಮೆನ್ಸ್ ಮತ್ತು ಹಾಲ್ಸ್ಕೆ ಕಂಪನಿಯು ವಿದ್ಯುತ್ತಿನಿಂದ ಓಡುವ ರೈಲನ್ನು ಜನರ ಮುಂದಿಟ್ಟಿತು. ಸುಮಾರು 300 ಮೀಟರ್ ಉದ್ದದ ಸುತ್ತು, ಹಳಿಗಳ ನಡುವೆ 490 ಮಿಲಿಮೀಟರ್ ಅಂತರ, ಮುಂದೆ ಕುದುರೆಯ ಮೇಲೆ ಕುಳಿತಂತೆ ಕಾಲು ಚಾಚಿ ಚಾಲಕ ಕುಳಿತುಕೊಳ್ಳುವ ಪುಟ್ಟ ಎಂಜಿನ್, ಅದರ ಹಿಂದೆ ತಲಾ ಆರು ಜನ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಮೂರು ಬೆಂಚುಗಾಡಿಗಳು. ವಿದ್ಯುತ್ತು 150 ವೋಲ್ಟ್, ಮೋಟಾರು 2.2 ಕಿಲೋವಾಟ್, ಎಂದರೆ ನಮ್ಮ ತೋಟದ 3 ಅಶ್ವಶಕ್ತಿಯ ಪಂಪಿನಷ್ಟು. ವೇಗ ಗಂಟೆಗೆ ಸುಮಾರು 7 ಕಿಲೋಮೀಟರ್. ನಾಲ್ಕು ತಿಂಗಳಲ್ಲಿ 86 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಕುಳಿತು ಸುತ್ತಿದರು. ಅದರ ಮರುವರ್ಷ, 1880ರಲ್ಲಿ, ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಆರಂಭವಾಯಿತು; ಭಾರತದ ಮೊದಲ ವಿದ್ಯುತ್ ರೈಲು ಮುಂಬಯಿಯಲ್ಲಿ ಓಡಿದ್ದು 1925ರಲ್ಲಿ; ಉಡುಪಿಯ ಮೇಲೆ ಹಾದುಹೋಗುವ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡದ್ದು 2022ರಲ್ಲಿ. ಬರ್ಲಿನ್ನಿನ ಆ ಎಂಜಿನ್ ಈಗಲೂ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಮ್ಮಿನಲ್ಲಿದೆ. ಪ್ರಯಾಣಿಕರು ಕುಳಿತಿರುವ ಆ ಕಾಲದ ಛಾಯಾಚಿತ್ರವೂ ಸುಲಭವಾಗಿ ಸಿಗುತ್ತದೆ. ಅದನ್ನು ದೊಡ್ಡದಾಗಿ ಮುದ್ರಿಸಿ ಕೆಲಸದ ಮೇಜಿನ ಎದುರು ಅಂಟಿಸಿಕೊಳ್ಳುವುದೇ ಮೊದಲ ಕೆಲಸ.

ಅಳತೆಯ ಲೆಕ್ಕ

ಮಾದರಿ ರೈಲಿನ ಅಂಗಡಿಗಳಲ್ಲಿ ಎನ್ ಗೇಜ್ ಎಂದು ಮಾರುವ ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. 490ನ್ನು 9ರಿಂದ ಭಾಗಿಸಿದರೆ ಸುಮಾರು 54 ಬರುತ್ತದೆ. ಆದ್ದರಿಂದ ಈ ಲೇಔಟಿನ, ಅಂದರೆ ಹಲಗೆಯ ಮೇಲೆ ಕಟ್ಟುವ ಇಡೀ ಮಾದರಿಯ, ಪ್ರಮಾಣ 1:54. ಎನ್ ಗೇಜಿನ ಸಾಮಾನ್ಯ ಮನುಷ್ಯ ಗೊಂಬೆಗಳು ಒಂದು ಸೆಂಟಿಮೀಟರ್ ಎತ್ತರದವು. ಅವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ವಾಸ್ತುಶಿಲ್ಪ ವಿದ್ಯಾರ್ಥಿಗಳು ಕಟ್ಟಡದ ಮಾದರಿಗಳಲ್ಲಿ ಬಳಸುವ 1:50 ಪ್ರಮಾಣದ ಗೊಂಬೆಗಳು ನಮಗೆ ಹೇಳಿ ಮಾಡಿಸಿದಂತಿವೆ. ಮಂಗಳೂರು, ಮಣಿಪಾಲಗಳಲ್ಲಿ ಅಂಥ ವಿದ್ಯಾರ್ಥಿಗಳಿಗೆ ಸಾಮಾನು ಮಾರುವ ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ. ಬಣ್ಣ ಹಾಕಿದ್ದಕ್ಕಿಂತ ಬರಿಯ ಬಿಳಿ ಗೊಂಬೆಗಳೇ ಮೇಲು, ಏಕೆಂದರೆ ಬಟ್ಟೆಯನ್ನು ಹೇಗೂ ನಾವೇ ತೊಡಿಸಬೇಕು.

ಮುನ್ನೂರು ಮೀಟರಿನ ಸುತ್ತನ್ನು 1:54ಕ್ಕೆ ಇಳಿಸಿದರೆ ಒಂದೂಮುಕ್ಕಾಲು ಮೀಟರಿಗೂ ಹೆಚ್ಚಿನ ವ್ಯಾಸ ಬೇಕಾಗುತ್ತದೆ. ಅಷ್ಟು ದೊಡ್ಡ ಮೇಜು ಇದ್ದವರು ಅದೃಷ್ಟವಂತರು. ಮಾದರಿ ರೈಲು ತಯಾರಿಸುವ ಜಪಾನಿನ ಕಾಟೊ ಕಂಪನಿಯ ಯೂನಿಟ್ರ್ಯಾಕ್ ಹಳಿಗಳಲ್ಲಿ 150 ಮಿಲಿಮೀಟರ್ ತ್ರಿಜ್ಯದ ಬಾಗಿದ ತುಂಡುಗಳಿವೆ. ಎಂಟು ತುಂಡು ಜೋಡಿಸಿದರೆ ಪೂರ್ತಿ ವೃತ್ತ. ಅದರ ಸುತ್ತಳತೆ 94 ಸೆಂಟಿಮೀಟರ್, ಅಂದರೆ ನಿಜವಾದ ಸುತ್ತಿನ ಆರರಲ್ಲಿ ಒಂದು ಪಾಲು. ಇಲ್ಲಿ ಒಂದು ನಿಯಮವನ್ನು ಇಟ್ಟುಕೊಳ್ಳುವುದು ಒಳ್ಳೆಯದು: ಹಳಿಯ ಉದ್ದವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ಆದರೆ ಮನುಷ್ಯ, ಬೆಂಚು, ಎಂಜಿನ್ ಈ ಮೂರರ ಅಳತೆಯನ್ನು ಕುಗ್ಗಿಸಬಾರದು. ಆ ರೈಲಿನ ಸ್ವಾರಸ್ಯವಿರುವುದೇ ಇಷ್ಟು ದೊಡ್ಡ ಮನುಷ್ಯರು ಇಷ್ಟು ಸಣ್ಣ ಗಾಡಿಯ ಮೇಲೆ ಗಂಭೀರವಾಗಿ ಕುಳಿತಿದ್ದರು ಎಂಬುದರಲ್ಲಿ.

ಹಲಗೆ

ಹಲಗೆ 45 ಸೆಂಟಿಮೀಟರ್ ಚೌಕ. ಹಳಿಯ ಬುಡದ ಅಗಲವೂ ಸೇರಿ ವೃತ್ತವು ಸುಮಾರು 32 ಸೆಂಟಿಮೀಟರ್ ತೆಗೆದುಕೊಳ್ಳುತ್ತದೆ. ಉಳಿದ ಜಾಗದಲ್ಲಿ ಹಿಂದೆ 8, ಮುಂದೆ 5 ಸೆಂಟಿಮೀಟರ್ ಬರುವಂತೆ ವೃತ್ತವನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಹಿಂದೆ ಕಟ್ಟಡಕ್ಕೂ ಮುಂದೆ ಪ್ರೇಕ್ಷಕರಿಗೂ ಸ್ಥಳ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ಪ್ಲೈವುಡ್ ಆರಿಸುವಾಗ ಉಳಿತಾಯ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಕಡಿಮೆ ಬೆಲೆಯ ಹಲಗೆ ಪದರ ಬಿಡುತ್ತದೆ. ಮೇಲೆ ಐಎಸ್ 710 ಎಂಬ ಗುರುತಿರುವ 12 ಮಿಲಿಮೀಟರಿನ ಮೆರೈನ್ ಪ್ಲೈವುಡ್ ಕೇಳಿ ಪಡೆಯಬೇಕು. ಇಷ್ಟು ಸಣ್ಣ ತುಂಡು ಪೀಠೋಪಕರಣ ಮಾಡುವಲ್ಲಿ ಉಳಿಕೆಯಾಗಿಯೇ ಸಿಗುತ್ತದೆ. ಕೆಳಗೆ ನಾಲ್ಕು ಬದಿಗೂ ರೀಪು ಹೊಡೆಸಿದರೆ ತಂತಿ ಎಳೆಯಲು ಜಾಗವಾಗುತ್ತದೆ, ಹಲಗೆ ಬಾಗುವುದೂ ಇಲ್ಲ. ವಾರ್ನಿಷನ್ನು ಮೇಲೆ, ಕೆಳಗೆ, ಅಂಚುಗಳಲ್ಲಿ, ಕೊರೆದ ತೂತುಗಳ ಒಳಗೂ ಹಚ್ಚಬೇಕು. ನಮ್ಮ ಬೀದಿಯ ಆಚಾರಿಯವರು ಇದನ್ನು ನನಗೆ ಎರಡು ಸಲ ಹೇಳಿದ್ದರು, ನಾನು ಮೇಲ್ಭಾಗಕ್ಕೆ ಮಾತ್ರ ಹಚ್ಚಿ ಸುಮ್ಮನಾಗಿದ್ದೆ. ಒಂದು ಮುಖ ಮುಚ್ಚಿ ಇನ್ನೊಂದು ತೆರೆದಿದ್ದರೆ ತೆರೆದ ಮುಖ ಮಾತ್ರ ತೇವ ಹೀರಿ ಉಬ್ಬುತ್ತದೆ. ಹಲಗೆ ದೋಣಿಯ ಆಕಾರ ತಾಳುತ್ತದೆ. ಮೊದಲ ಹಲಗೆ ಈಗ ನಮ್ಮ ಅಟ್ಟದ ಮೇಲಿದೆ.

ಹಳಿಗಳನ್ನು ಜೋಡಿಸಿ, ಎದುರು ಬದುರಾದ ಎರಡು ಜಾಗಗಳಲ್ಲಿ ತಂತಿ ಕೊಟ್ಟು, ಅಂಟು ಹಾಕದೆ ಎರಡು ದಿನ ಓಡಿಸಿ ನೋಡಿ. ಎಲ್ಲ ಸರಿಯಿದ್ದರೆ ಸಣ್ಣ ಸ್ಕ್ರೂಗಳಿಂದ ಬಿಗಿಯಬಹುದು. ತೀರ ಬಿಗಿದರೆ ಹಳಿಯ ಅಂತರ ಬದಲಾಗುತ್ತದೆ, ಸ್ಕ್ರೂ ತಲೆ ಮುಟ್ಟಿದರೆ ಸಾಕು.

ಗಾಡಿಗಳು

ಈ ಕೆಲಸದ ಹೆಚ್ಚಿನ ಸಮಯ ಹೋಗುವುದು ಇಲ್ಲಿ, ಮತ್ತು ಹೋಗಬೇಕಾದದ್ದೂ ಇಲ್ಲೇ. ಕಾಟೊ ಕಂಪನಿಯದೇ ನಾಲ್ಕು ಚಕ್ರದ ಸಣ್ಣ ಮೋಟಾರು ಚಾಸಿಸ್, ಅಂದರೆ ಮೋಟಾರು ಕೂರಿಸಿದ ಗಾಡಿಯ ತಳ, ಸಿಗುತ್ತದೆ. ಎನ್ ಗೇಜಿನಲ್ಲಿ ಇದು ಚಿಕ್ಕದೇ, ಆದರೆ ಉದ್ದ 5 ಸೆಂಟಿಮೀಟರಿನ ಆಸುಪಾಸು ಇರುವುದರಿಂದ ನಮ್ಮ ಎಂಜಿನ್ನಿಗಿಂತ ದೊಡ್ಡದು. ನಾನು ಮೊದಲ ಸಲ ಈ ಚಾಸಿಸ್ಸಿನ ಮೇಲೆಯೇ ಎಂಜಿನ್ನಿನ ಪೆಟ್ಟಿಗೆ ಕಟ್ಟಿದೆ. ಚಾಲಕನನ್ನು ಮೇಲೆ ಕೂರಿಸಿದಾಗ ಆತ ಆನೆಯ ಮೇಲೆ ಕುಳಿತ ಮಗುವಿನಂತೆ ಕಂಡ. ಛಾಯಾಚಿತ್ರದಲ್ಲಿರುವುದು ಸಣ್ಣ ಪೆಟ್ಟಿಗೆಯೊಂದರ ಮೇಲೆ ಕಾಲು ಚಾಚಿ ಕುಳಿತ ದೊಡ್ಡ ಮನುಷ್ಯ. ನಾನು ಮಾಡಿದ್ದು ಅದಕ್ಕೆ ತದ್ವಿರುದ್ಧ.

ಎರಡನೆಯ ಪ್ರಯತ್ನದಲ್ಲಿ ಮೋಟಾರನ್ನು ಎಂಜಿನ್ನಿನಿಂದ ತೆಗೆದು ಪ್ರಯಾಣಿಕರ ಅಡಿಗೆ ಸಾಗಿಸಿದೆ. ಬೆಂಚಿನ ಒಂದು ಬದಿಯಲ್ಲಿ ಮೂವರು ಕೂರಬೇಕು, ಒಬ್ಬರಿಗೆ ಅರ್ಧ ಮೀಟರಿನಂತೆ ಒಂದೂವರೆ ಮೀಟರ್. ಅದು 1:54ರಲ್ಲಿ 28 ಮಿಲಿಮೀಟರ್. ಅಂದಮೇಲೆ ಮೊದಲ ಎರಡು ಗಾಡಿಗಳನ್ನು ನಡುವೆ 3 ಮಿಲಿಮೀಟರ್ ಸಂದು ಬಿಟ್ಟು ಒಂದೇ ಚಾಸಿಸ್ಸಿನ ಮೇಲೆ ಕೂರಿಸಬಹುದು. ಮೋಟಾರು ಎರಡೂ ಬೆಂಚುಗಳ ಒಳಗೆ ಅಡಗಿರುತ್ತದೆ. ಸಂದಿನಲ್ಲಿ ಕಾಣುವ ಚಾಸಿಸ್ಸಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಅದರ ಮುಂದೆ ಒಂದು ಕೊಂಡಿಯ ತುಂಡು ಅಂಟಿಸಿದರೆ ಕಣ್ಣು ಅದನ್ನು ಎರಡು ಗಾಡಿಯೆಂದೇ ಓದುತ್ತದೆ. ಇಲ್ಲಿ ಇನ್ನೊಂದು ಲೆಕ್ಕ ನೆನಪಿಡಬೇಕು: 60 ಮಿಲಿಮೀಟರಿನ ನೇರ ಗಾಡಿ 150 ಮಿಲಿಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋಗುವಾಗ ಅದರ ಮಧ್ಯಭಾಗಕ್ಕೂ ತುದಿಗಳಿಗೂ ನಡುವೆ 3 ಮಿಲಿಮೀಟರಿನಷ್ಟು ಪಕ್ಕಕ್ಕೆ ವ್ಯತ್ಯಾಸ ಬರುತ್ತದೆ. ಹಳಿಯ ಬದಿಯಲ್ಲಿ ನಿಲ್ಲಿಸುವ ಬೇಲಿ, ಗೊಂಬೆ ಯಾವುದೂ ಗಾಡಿಯ ಅಂಚಿನಿಂದ 5 ಮಿಲಿಮೀಟರಿಗಿಂತ ಹತ್ತಿರ ಬರಬಾರದು. ಪ್ರಯಾಣಿಕರ ಮೊಣಕಾಲುಗಳು ಹೊರಕ್ಕೆ ಚಾಚಿರುತ್ತವೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬೆಂಚುಗಳಿಗೆ 1 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ ಉತ್ತಮ. ಸನ್‌ಬೋರ್ಡನ್ನು ಇಷ್ಟು ಸಣ್ಣದಾಗಿ ಕತ್ತರಿಸಿದರೆ ಅಂಚು ಪುಡಿಯಾಗುತ್ತದೆ. ಆಸನದ ಎತ್ತರ 8, ಬೆನ್ನಾಸರೆಯ ತುದಿ 16 ಮಿಲಿಮೀಟರ್ ಎಂಬುದು ನಾನು ಇಟ್ಟುಕೊಂಡ ಅಳತೆ. ಚಾಸಿಸ್ ಕೈಗೆ ಬಂದ ಮೇಲೆ ಮೋಟಾರಿನ ಎತ್ತರ ಅಳೆದು ಬೇಕಾದರೆ ಒಂದೆರಡು ಮಿಲಿಮೀಟರ್ ಏರಿಸಿಕೊಳ್ಳಿ. ಮೋಟಾರಿಗೆ ಎಣ್ಣೆ ಬಿಡಬೇಕಾದಾಗ ತೆಗೆಯಬೇಕಾಗುವುದರಿಂದ ಬೆಂಚಿನ ಪೆಟ್ಟಿಗೆಯನ್ನು ಅಂಟಿಸದೆ ಮುಚ್ಚಳದಂತೆ ಮೇಲಿನಿಂದ ಕೂರುವ ಹಾಗೆ ಮಾಡಿಕೊಳ್ಳಬೇಕು.

ಹೀಗೆ ಮಾಡಿದಾಗ ಮುಂದಿನ ಎಂಜಿನ್ ಬರಿಯ ಗೊಂಬೆಯಾಗುತ್ತದೆ. ಹಿಂದಿನ ಗಾಡಿ ಅದನ್ನು ತಳ್ಳುತ್ತದೆ, ಮೂರನೆಯ ಗಾಡಿಯನ್ನು ಎಳೆಯುತ್ತದೆ. ತಳ್ಳಿಸಿಕೊಳ್ಳುವ ಗಾಡಿ ಹಗುರವಾಗಿದ್ದರೆ ತಿರುವಿನಲ್ಲಿ ಹಳಿ ಬಿಟ್ಟು ಎದ್ದೇ ಏಳುತ್ತದೆ. ಇದಕ್ಕೆ ಮದ್ದು ನಮ್ಮೂರಿನಲ್ಲಿ ಧಾರಾಳವಾಗಿದೆ: ಮಂಗಳೂರಿನ ಬಂದರಿನಲ್ಲಾಗಲಿ ಮಲ್ಪೆಯಲ್ಲಾಗಲಿ ಗಾಳದ ಸಾಮಾನು ಮಾರುವಲ್ಲಿ ಸಿಗುವ ಸೀಸದ ಗುಂಡುಗಳು. ಒಂದು ಸಣ್ಣ ಗುಂಡನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಂಜಿನ್ನಿನ ಪೆಟ್ಟಿಗೆಯೊಳಗೆ ಆದಷ್ಟು ಕೆಳಗೆ ಎಂ-ಸೀಲ್ ಹಾಕಿ ಕೂರಿಸಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚಹದ ಲೋಟ ಹಿಡಿಯಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಗಾಡಿಗಳನ್ನು ಕೂಡಿಸಲು ಕೊಕ್ಕೆಯಾಗಲಿ ದಾರವಾಗಲಿ ಆಗದು, ತಳ್ಳುವಾಗ ಅವು ಮಡಚಿಕೊಳ್ಳುತ್ತವೆ. ಸ್ಟೇಪ್ಲರ್ ಪಿನ್ನಿನ ಎರಡು ಕಾಲುಗಳನ್ನು ಎರಡು ಗಾಡಿಗಳ ತೂತಿಗೆ ಸಡಿಲವಾಗಿ ಇಳಿಬಿಟ್ಟರೆ ಅದೇ ತಳ್ಳುವ ಕಂಬಿಯೂ ಹೌದು, ಎಳೆಯುವ ಕಂಬಿಯೂ ಹೌದು.

ನಡುವಿನ ಕಂಬಿ

ಬರ್ಲಿನ್ನಿನ ರೈಲಿನಲ್ಲಿ ಎರಡು ಹಳಿಗಳ ನಡುವೆ ಮೂರನೆಯ ಕಬ್ಬಿಣದ ಪಟ್ಟಿಯೊಂದಿತ್ತು. ಯಂತ್ರಶಾಲೆಯಲ್ಲಿ ಉಗಿಯಂತ್ರದಿಂದ ತಿರುಗುತ್ತಿದ್ದ ಡೈನಮೋ ಉತ್ಪಾದಿಸಿದ ವಿದ್ಯುತ್ತು ಆ ಪಟ್ಟಿಯ ಮೂಲಕ ಎಂಜಿನ್ನಿಗೆ ಬಂದು, ಚಕ್ರಗಳ ಮೂಲಕ ಹೊರಗಿನ ಹಳಿಗಳಿಗೆ ಇಳಿದು ಹಿಂದಿರುಗುತ್ತಿತ್ತು. ನಮ್ಮ ಎನ್ ಗೇಜಿನಲ್ಲಿ ಹಾಗಲ್ಲ. ಒಂದು ಹಳಿ ಧನ, ಇನ್ನೊಂದು ಋಣ. ಆದ್ದರಿಂದ ನಡುವಿನ ಪಟ್ಟಿ ಇಲ್ಲಿ ತೋರಿಕೆಗೆ ಮಾತ್ರ. ಆದರೂ ಅದನ್ನು ಬಿಡುವಂತಿಲ್ಲ, ಬಿಟ್ಟರೆ ಇದು ಮಕ್ಕಳ ಪಾರ್ಕಿನ ಯಾವುದೋ ರೈಲಾಗುತ್ತದೆ. ಹಿತ್ತಾಳೆಯ ಪಟ್ಟಿ ಬಳಸುವ ಆಸೆಯಾಗುತ್ತದೆ, ಬೇಡ. ಗಾಡಿ ಹಳಿ ತಪ್ಪಿದಾಗ ಚಕ್ರಗಳು ಅದನ್ನು ಮುಟ್ಟಿ ಎರಡು ಹಳಿಗಳನ್ನೂ ಕೂಡಿಸಿಬಿಟ್ಟರೆ ಶಾರ್ಟ್ ಆಗುತ್ತದೆ. ಒಂದು ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ತುಕ್ಕಿನ ಬಣ್ಣ ಬಳಿದು, ಹಳಿಯ ತಲೆಗಿಂತ ಸ್ವಲ್ಪ ತಗ್ಗಾಗಿ ಅಂಟಿಸಿದರೆ ಚಾಸಿಸ್ಸಿನ ಗೇರಿಗೆ ತಾಗುವುದಿಲ್ಲ. ಬೆಂಕಿಕಡ್ಡಿಯ ಚೂರುಗಳನ್ನು ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಅದರ ಅಡಿಯಲ್ಲಿಟ್ಟರೆ ಮರದ ಆಧಾರಗಳಾಗುತ್ತವೆ.

ವೇಗ

ಗಂಟೆಗೆ 7 ಕಿಲೋಮೀಟರ್ ಎಂದರೆ ಬಿರುಸಾಗಿ ನಡೆಯುವವನ ವೇಗ. 1:54ರಲ್ಲಿ ಅದು ಸೆಕೆಂಡಿಗೆ 3.6 ಸೆಂಟಿಮೀಟರ್, ನಮ್ಮ ವೃತ್ತ ಸುತ್ತಲು 26 ಸೆಕೆಂಡ್ ಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಇದನ್ನು ಪರೀಕ್ಷಿಸಿ. ಬಹಳಷ್ಟು ಸಣ್ಣ ಲೇಔಟುಗಳು ಕೆಡುವುದು ವೇಗದಿಂದ. ಹತ್ತು ಸೆಕೆಂಡಿನಲ್ಲಿ ಸುತ್ತು ಮುಗಿಸಿದರೆ ಬೆಂಚಿನ ಮೇಲಿನ ಹೆಂಗಸರ ಟೋಪಿ ಹಾರಿಹೋಗಬೇಕಾಗಿತ್ತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ನಿಧಾನ ಓಟಕ್ಕೆ ಎಲ್‌ಎಂ 317 ಎಂಬ ಮೂರು ಕಾಲಿನ ವೋಲ್ಟೇಜ್ ನಿಯಂತ್ರಕವನ್ನು ನಾನು ನೆಚ್ಚಿಕೊಂಡಿದ್ದೇನೆ. ಎಲೆಕ್ಟ್ರಾನಿಕ್ ಬಿಡಿಭಾಗದ ಯಾವ ಅಂಗಡಿಯಲ್ಲೂ ಸಿಗುತ್ತದೆ. 12 ವೋಲ್ಟ್, 1 ಆಂಪಿಯರಿನ ಡಿಸಿ ಅಡಾಪ್ಟರಿನಿಂದ ಅದಕ್ಕೆ ವಿದ್ಯುತ್ ಕೊಟ್ಟು, ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 240 ಓಮಿನ ರೆಸಿಸ್ಟರ್, ಅಡ್ಜಸ್ಟ್ ಕಾಲಿನಿಂದ ಋಣ ತಂತಿಗೆ 2 ಕಿಲೋ ಓಮಿನ ಪೊಟೆನ್ಷಿಯೋಮೀಟರ್ ಹಾಕಿದರೆ, ಗುಂಡಿ ತಿರುಗಿಸಿದಂತೆ ಸುಮಾರು 1.25 ವೋಲ್ಟಿನಿಂದ 10 ವೋಲ್ಟಿನವರೆಗೆ ಸಿಗುತ್ತದೆ. ನಮ್ಮ ರೈಲಿಗೆ ಅದರ ಕೆಳಗಿನ ಅರ್ಧವೇ ಸಾಕು. ಉಳಿದ ವೋಲ್ಟೇಜೆಲ್ಲ ಶಾಖವಾಗಿ ಹೋಗುವುದರಿಂದ ಒಂದು ಸಣ್ಣ ಹೀಟ್ ಸಿಂಕ್ ಜೋಡಿಸಲು ಮರೆಯಬಾರದು. ವಿದ್ಯುತ್ತನ್ನು ತುಣುಕು ತುಣುಕಾಗಿ ಕಡಿದು ಕೊಡುವ ಪಿಡಬ್ಲ್ಯೂಎಂ ಎಂಬ ಅಗ್ಗದ ವೇಗನಿಯಂತ್ರಕ ಸರ್ಕ್ಯೂಟುಗಳೂ ಸಿಗುತ್ತವೆ. ಅವುಗಳಲ್ಲಿ ಕಡಿಮೆ ಆವರ್ತನದವು ಒಳಗೆ ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರುಗಳನ್ನು ಬಿಸಿ ಮಾಡಿ ಕೆಡಿಸಬಹುದಾದ್ದರಿಂದ ನಾನು ದೂರವಿಟ್ಟಿದ್ದೇನೆ. ಹೊಸ ಚಾಸಿಸ್ಸನ್ನು ಮೊದಲ ದಿನವೇ ನಿಧಾನಕ್ಕೆ ಪಳಗಿಸಲು ಹೋಗದೆ, ಒಂದೊಂದು ದಿಕ್ಕಿಗೆ ಅರ್ಧ ಗಂಟೆ ಮಧ್ಯಮ ವೇಗದಲ್ಲಿ ಓಡಿಸಿದರೆ ಗೇರುಗಳು ಹೊಂದಿಕೊಳ್ಳುತ್ತವೆ. ಆಮೇಲೂ 26 ಸೆಕೆಂಡಿಗೆ ಇಳಿಯದೆ ನಿಂತುಬಿಟ್ಟರೆ 20ಕ್ಕೆ ಒಪ್ಪಿಕೊಳ್ಳಿ.

ನೆಲ, ಗಿಡ, ಗೋಡೆ

ಇಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸುವ ಚಟಕ್ಕೆ ಕಡಿವಾಣ ಹಾಕಬೇಕು. ನಮ್ಮ ಅಂಗಳದ ಮುರಕಲ್ಲಿನ ಕೆಂಪು ಪುಡಿ ಎಷ್ಟು ಚೆಂದವಿದ್ದರೂ ಅದನ್ನು ಹಾಕಿದ ಕ್ಷಣಕ್ಕೆ ಬರ್ಲಿನ್ ಮರೆಯಾಗಿ ಮಂಗಳೂರಿನ ಬಜಪೆ ಬರುತ್ತದೆ. ಬರ್ಲಿನ್ನಿನ ನೆಲ ಮಾಸಲು ಬಣ್ಣದ ಮರಳು ನೆಲ. ಸಮುದ್ರದ ಹೊಯಿಗೆ ಬಣ್ಣಕ್ಕೆ ಹತ್ತಿರವಿದ್ದರೂ ಅದರಲ್ಲಿರುವ ಉಪ್ಪು ಗಾಳಿಯ ತೇವ ಎಳೆದು ಹಳಿಯ ಜೋಡಣೆಗಳನ್ನು ಕೆಡಿಸುತ್ತದೆ. ಹೊಳೆಯ ಹೊಯಿಗೆಯನ್ನು ಮೂರು ನೀರು ತೊಳೆದು ಒಣಗಿಸಿ, ಚಹ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಆಮೇಲೆ ಕಾಗದದ ಮೇಲೆ ಹರಡಿ ಅಡಿಯಿಂದ ಅಯಸ್ಕಾಂತ ಆಡಿಸಬೇಕು. ಕಪ್ಪು ಕಣಗಳು ಅಯಸ್ಕಾಂತದ ಹಿಂದೆ ಓಡಾಡಿದರೆ ಅವನ್ನು ಪೂರ್ತಿ ತೆಗೆಯದೆ ಆ ಮರಳನ್ನು ಬಳಸಬಾರದು, ಏಕೆಂದರೆ ಮೋಟಾರಿನೊಳಗೂ ಅಯಸ್ಕಾಂತವಿದೆ. ಫೆವಿಕಾಲಿಗೆ ಸಮಪಾಲು ನೀರು, ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಬೆರೆಸಿ, ಇಂಕ್ ಫಿಲ್ಲರಿನಿಂದ ಹೊಯಿಗೆಯ ಮೇಲೆ ಹನಿಸಿದರೆ ಮರುದಿನಕ್ಕೆ ಗಟ್ಟಿಯಾಗುತ್ತದೆ.

ಬಳಸಿದ ಚಹದ ಪುಡಿಯನ್ನು ಒಣಗಿಸಿ ತೋಟದ ಮಣ್ಣಿನಂತೆ ಹಾಕಬಹುದೆಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಒಣ ಹವೆಯ ಊರಿನಲ್ಲಿ ಅದು ಸರಿಯಿರಬಹುದು. ನಾನು ಮೇ ತಿಂಗಳಲ್ಲಿ ಹಾಕಿದೆ, ಜುಲೈ ಎರಡನೆಯ ವಾರದಲ್ಲಿ ಪ್ರದರ್ಶನದ ಉದ್ಯಾನದ ಮೇಲೆ ಬೂದು ಬಣ್ಣದ ತುಪ್ಪಳ ಎದ್ದಿತ್ತು, ಅದರ ನಡುವೆ ಇರುವೆಗಳು ಸಾಲಾಗಿ ಹೊರಟಿದ್ದವು. ಗೊಂಬೆಗಳ ಅಳತೆಗೆ ಅವು ನಾಯಿಮರಿಗಳಷ್ಟಿದ್ದವು. ಈಗ ಮಣ್ಣಿನ ಬಣ್ಣಕ್ಕೆ ಅಕ್ರಿಲಿಕ್ ಪೈಂಟನ್ನೇ ಬಳಸುತ್ತೇನೆ.

ಗಿಡಗಳಿಗೆ ತುಳಸಿಯ ಒಣಗಿದ ಕದಿರುಗಳು ಸೊಗಸಾಗಿ ಒಪ್ಪುತ್ತವೆ. ಚೆನ್ನಾಗಿ ಬಿಸಿಲಿಗೆ ಹಾಕಿ, ತೆಳು ಫೆವಿಕಾಲಿನಲ್ಲಿ ಅದ್ದಿ, ಹಸಿರು ಬಣ್ಣ ಹಾಕಿದ ಮರದ ಪುಡಿಯನ್ನು ಉದುರಿಸಬೇಕು. ಎರಡು ಮೂರು ಕದಿರು ಕೂಡಿಸಿದರೆ ಲಿಂಡನ್ ಮರದ ದುಂಡು ನೆತ್ತಿ ಬರುತ್ತದೆ. ಹಿಂದಿನ ಕಟ್ಟಡವನ್ನು ಪೂರ್ತಿ ಕಟ್ಟುವ ಅಗತ್ಯವಿಲ್ಲ. 3 ಸೆಂಟಿಮೀಟರ್ ಆಳದ ಮುಂಗೋಡೆ, ಸಾಲು ಕಮಾನು ಕಿಟಕಿಗಳು, ಒಂದು ಕಿಟಕಿಯೊಳಗೆ ಡೈನಮೋ ಇದೆಯೆಂಬ ಭಾವನೆ ಬರುವಷ್ಟು ಒಂದು ದೊಡ್ಡ ಚಕ್ರ, ಇಷ್ಟು ಸಾಕು. ಮಾಡಿಗೆ ಮಂಗಳೂರು ಹಂಚು ಹೊದೆಸುವ ಪ್ರಲೋಭನೆಯನ್ನು ನಾನು ಕಷ್ಟದಿಂದ ಗೆದ್ದಿದ್ದೇನೆ. ಬಾವುಟ ಹಾಕುವುದಾದರೆ ಕಪ್ಪು, ಬಿಳಿ, ಕೆಂಪು ಪಟ್ಟೆಯದಿರಲಿ. ಈಗಿನ ಜರ್ಮನಿಯ ಕಪ್ಪು, ಕೆಂಪು, ಹೊಂಬಣ್ಣದ ಬಾವುಟ ಆ ಕಾಲದ ಸಾಮ್ರಾಜ್ಯದ್ದಲ್ಲ.

ದೀಪದ ವಿಷಯದಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ವಸ್ತುಪ್ರದರ್ಶನ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತೋರಣದಂತೆ ತೂಗಿದ ಬಲ್ಬುಗಳ ಸರ. ಆದರೆ ಎಡಿಸನ್ನರ ಬಲ್ಬು ಗಂಟೆಗಟ್ಟಲೆ ಉರಿದು ಯಶಸ್ವಿಯಾದದ್ದು 1879ರ ಅಕ್ಟೋಬರಿನಲ್ಲಿ. ಮೇ ಕೊನೆಗೆ ಆರಂಭವಾದ ಬರ್ಲಿನ್ನಿನ ರೈಲು ನಾಲ್ಕು ತಿಂಗಳು ಓಡಿ ಮುಗಿಸುವಾಗ ಅದಿನ್ನೂ ಬಂದಿರಲಿಲ್ಲ. ಆದ್ದರಿಂದ ಬಲ್ಬಿನ ಸರ ಇಲ್ಲಿ ಸಲ್ಲದು. ನಾಲ್ಕಾರು ಗ್ಯಾಸ್ ದೀಪದ ಕಂಬಗಳಿಗೆ ಹಳದಿ ಛಾಯೆಯ ಪುಟ್ಟ ಎಲ್‌ಇಡಿ, ಬೇಕೆನಿಸಿದರೆ ಕಟ್ಟಡದ ಎದುರು ಆರ್ಕ್ ದೀಪವೆಂದು ಒಂದೇ ಒಂದು ತಣ್ಣನೆಯ ಬಿಳಿ ಎಲ್‌ಇಡಿ. 12 ವೋಲ್ಟಿಗೆ ಪ್ರತಿಯೊಂದಕ್ಕೂ 1 ಕಿಲೋ ಓಮಿನ ರೆಸಿಸ್ಟರ್ ಹಾಕಿ. ವೃತ್ತದ ಒಳಗೆ ಹುಲ್ಲುಹಾಸು ಮತ್ತು ಒಂದು ಕಂಬ ಬಿಟ್ಟರೆ ಬೇರೇನೂ ಬೇಡ. ಖಾಲಿ ಜಾಗ ಕಂಡಲ್ಲೆಲ್ಲ ಏನಾದರೂ ಇಡುವ ತುಡಿತವನ್ನು ಅದುಮಿಟ್ಟರೆ ಕಣ್ಣು ರೈಲಿನ ಮೇಲೇ ನಿಲ್ಲುತ್ತದೆ.

ಜನ

ರೈಲಿಗೆ ಹದಿನೆಂಟು ಪ್ರಯಾಣಿಕರು, ಒಬ್ಬ ಚಾಲಕ. ಹೊರಗೆ ಇಪ್ಪತ್ತರಿಂದ ಇಪ್ಪತ್ತೈದು ಪ್ರೇಕ್ಷಕರು. ವಾಸ್ತುಶಿಲ್ಪದ ಗೊಂಬೆಗಳು ಪ್ಯಾಂಟು ಹಾಕಿ ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದಿರುತ್ತವೆ. ಬ್ರೀಫ್‌ಕೇಸನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ಹೆಂಗಸರ ಉದ್ದ ಲಂಗಕ್ಕೆ ಟಿಶ್ಯೂ ಕಾಗದದ ಒಂದೇ ಪದರವನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ತೆಳು ಫೆವಿಕಾಲಿನಲ್ಲಿ ನೆನೆಸಿ ಸೊಂಟಕ್ಕೆ ಸುತ್ತಬೇಕು. ಒದ್ದೆಯಿರುವಾಗಲೇ ಹಲ್ಲುಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಗೀರಿದರೆ ನೆರಿಗೆಗಳು ಮೂಡುತ್ತವೆ. ಹಿಂಭಾಗದಲ್ಲಿ ಸಾಸಿವೆ ಕಾಳಿನಷ್ಟು ಕಾಗದದ ಉಂಡೆಯನ್ನು ಮೊದಲೇ ಅಂಟಿಸಿದ್ದರೆ ಆ ಕಾಲದ ಲಂಗದ ಉಬ್ಬೂ ಬರುತ್ತದೆ. ಇದು ನನ್ನ ಕೈಗೆ ಒಗ್ಗಲಿಲ್ಲ. ದೇವರಿಗೆ ಹೂವಿನ ಮಾಲೆ ಕಟ್ಟಿ ಪಳಗಿದ ಅಕ್ಕನ ಮಗಳು ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಹೆಂಗಸರಿಗೆ ಲಂಗ ತೊಡಿಸಿ ಎದ್ದುಹೋದಳು.

ಗಂಡಸರ ಎತ್ತರದ ಟೋಪಿ ಸುಲಭ. ವಿದ್ಯುತ್ ತಂತಿಯ ಕಪ್ಪು ಹೊದಿಕೆಯನ್ನು ಬಿಚ್ಚಿ, 4 ಮಿಲಿಮೀಟರ್ ಉದ್ದದ ತುಂಡು ಮಾಡಿ, ಕಪ್ಪು ಕಾಗದದ ಸಣ್ಣ ಬಿಲ್ಲೆಯ ಮೇಲೆ ನಿಲ್ಲಿಸಿ ಫೆವಿಕ್ವಿಕ್ ಮುಟ್ಟಿಸಿದರೆ ಮುಗಿಯಿತು. ಆದರೆ ಎಲ್ಲರಿಗೂ ಅದನ್ನೇ ಹಾಕಬೇಡಿ. ನಾಲ್ಕೈದು ಮಂದಿಗೆ ದುಂಡು ಟೋಪಿ, ಕೆಲಸಗಾರರಿಗೆ ಚಪ್ಪಟೆ ಟೋಪಿ ಇರಲಿ. 1:50ರ ಗೊಂಬೆ ನಮ್ಮ ಪ್ರಮಾಣಕ್ಕಿಂತ ಎರಡು ಮಿಲಿಮೀಟರ್ ಎತ್ತರ. ಲಂಗದವರಲ್ಲಿ ಪಾದವನ್ನೇ ಕತ್ತರಿಸಬಹುದು, ಉಳಿದವರಲ್ಲಿ ಅಡಿಯ ಬಿಲ್ಲೆ ತೆಗೆದರೆ ಅರ್ಧ ಸರಿಹೋಗುತ್ತದೆ.

ಪ್ರೇಕ್ಷಕರನ್ನು ಹಲಗೆಯ ಮುಂದಿನ ಅಂಚಿನಲ್ಲಿ, ನೋಡುವವರಿಗೆ ಬೆನ್ನು ಮಾಡಿ ನಿಲ್ಲಿಸಿ. ಹಲಗೆಯನ್ನು ನೆಲದಿಂದ 125 ಸೆಂಟಿಮೀಟರ್ ಎತ್ತರಕ್ಕೆ ಇಟ್ಟರೆ ನೋಡುವವರು ಬಗ್ಗಿ ಆ ಟೋಪಿಗಳ ನಡುವಿನಿಂದ ಇಣುಕಬೇಕಾಗುತ್ತದೆ, ಅಂದರೆ ಅವರೂ ಹಿಂದಿನ ಸಾಲಿನಲ್ಲಿ ನಿಂತಂತೆ. ಶಾಲೆಯ ಪ್ರದರ್ಶನಕ್ಕೆ ಕೊಂಡೊಯ್ಯುವುದಾದರೆ ಮಕ್ಕಳಿಗಾಗಿ ಒಂದು ಮೆಟ್ಟಿಲಿನ ಮಣೆ ಜೊತೆಗಿರಲಿ. ಮುಂಭಾಗದಲ್ಲಿ ಒತ್ತುಗುಂಡಿಯೊಂದನ್ನು ಇಟ್ಟು, 12 ವೋಲ್ಟಿನ ಟೈಮರ್ ರಿಲೇಯನ್ನು 52 ಸೆಕೆಂಡಿಗೆ ಹೊಂದಿಸಿದರೆ ಪ್ರತಿ ಒತ್ತಿಗೆ ಎರಡು ಸುತ್ತು ಓಡಿ ನಿಲ್ಲುತ್ತದೆ. ದಿನವಿಡೀ ಓಡಿ ಮೋಟಾರು ಬಿಸಿಯಾಗುವುದು ತಪ್ಪುತ್ತದೆ.

ವಿವರದ ಫಲಕ ಬರೆಯುವಾಗ ವರ್ಷ, ಊರು, ಅಳತೆಗಳ ಜೊತೆಗೆ ನಾವು ಮಾಡಿದ ಮೂರು ಬದಲಾವಣೆಗಳನ್ನೂ ಬರೆಯುವುದು ಪ್ರಾಮಾಣಿಕತೆ: ಸುತ್ತು ಆರರಲ್ಲಿ ಒಂದು ಪಾಲು ಮಾತ್ರ, ಮೋಟಾರು ಎಂಜಿನ್ನಿನಲ್ಲಿಲ್ಲ, ನಡುವಿನ ಪಟ್ಟಿಯಲ್ಲಿ ವಿದ್ಯುತ್ತಿಲ್ಲ. ಕೊನೆಯದನ್ನು ಓದಿದ ಮಕ್ಕಳು ಹಾಗಾದರೆ ನಿಜವಾದದ್ದರಲ್ಲಿ ಯಾರಾದರೂ ತುಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತಾರೆ. 150 ವೋಲ್ಟಿನ ಪೆಟ್ಟು ಸಣ್ಣದಲ್ಲವೆಂದೂ, ಈಗ ಅಂಥ ಕಂಬಿಗೆ ಹೊದಿಕೆಯಿಲ್ಲದೆ ಜನರ ನಡುವೆ ಓಡಿಸಲು ಯಾರೂ ಅನುಮತಿ ಕೊಡಲಾರರೆಂದೂ ಹೇಳಬಹುದು.

ಮಳೆಗಾಲದ ಆರೈಕೆ

ನಾಮಫಲಕ ಮಾಡುವವರಲ್ಲಿ 3 ಮಿಲಿಮೀಟರಿನ ಅಕ್ರಿಲಿಕ್ ಹಾಳೆಯಿಂದ ಐದು ಮುಖದ ಮುಚ್ಚಳ ಮಾಡಿಸಿಕೊಳ್ಳಿ. ಹಳಿಗಳು ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದವಾದ್ದರಿಂದ ತುಕ್ಕು ಹಿಡಿಯುವುದಿಲ್ಲ, ಆದರೆ ಮಂಕು ಕವಿಯುತ್ತದೆ, ರೈಲು ಮುಗ್ಗರಿಸತೊಡಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 6ಬಿ ಪೆನ್ಸಿಲನ್ನು ಹಳಿಯ ತಲೆಯ ಮೇಲೆ ಒಮ್ಮೆ ಹಗುರವಾಗಿ ಎಳೆದರೆ ಮತ್ತೆ ಓಡುತ್ತದೆ. ಮರಳುಕಾಗದ ಹಾಕಿದರೆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಚಕ್ರಗಳನ್ನೂ ಒರೆಸಬೇಕು. ದೋಷ ಹಳಿಯದೆಂದು ಎಣಿಸಿ ಒಂದು ಸಂಜೆಯಿಡೀ ಉಜ್ಜಿದ ಮೇಲೆ, ಕೊಳೆಯಿದ್ದದ್ದು ಚಕ್ರದಲ್ಲಿ ಎಂದು ನನಗೆ ತಿಳಿದದ್ದು. ಮುಚ್ಚಳದೊಳಗೆ ಕಟ್ಟಡದ ಹಿಂದೆ ಕಾಣದಂತೆ ಎರಡು ಚೀಲ ನೀಲಿ ಸಿಲಿಕಾ ಜೆಲ್ ಇಡಿ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅದು ಬೇಗನೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಪೂರ್ತಿ ನೀಲಿಯಾಗಿ ಆರಿದ ಮೇಲೆ ಮತ್ತೆ ಒಳಗಿಡಬೇಕು.